ನಮ್ಮ ವಕೀಲರ ಮೇಲೆ ನಾನು ಹೂಡಿದ ದಾವೆ

ನನಗೆ ಪಿಸುಗುಟ್ಟಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ಲು ಬರುವುದಿಲ್ಲ. ಅದರಿಂದ ಅವರ ಅನ್ನಕ್ಕೇನೂ ಕುತ್ತು ಬರುವುದಿಲ್ಲ. ನನ್ನ ಗಂಟಲು ಮಾತ್ರ ಎಷ್ಟು ತಗ್ಗಿಸಿದರೂ ಒಂದು ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಡುತ್ತದೆ. ಮೂಡಲಗಿಯಲ್ಲಿ ನನ್ನ ಹೆಂಡತಿಯ ಚಿಕ್ಕಪ್ಪನ ಮಗಳ ನಿಶ್ಚಯದ ಊಟದಲ್ಲಿ, ಹುಗ್ಗಿಗೆ ಬೆಲ್ಲ ಕಡಿಮೆಯಾಗಿದೆಯೆಂದು ಬಡಿಸುತ್ತಿದ್ದ ಹೆಂಡತಿಯ ಕಿವಿಯಲ್ಲಿ ಹೇಳಿದೆ. ಪಂಕ್ತಿಗೆ ಪಂಕ್ತಿಯೇ ಕೈ ನಿಲ್ಲಿಸಿ ನನ್ನ ಕಡೆ ನೋಡಿತು. ಒಳಗಿನಿಂದ ಬೀಗರ ಮುದುಕಿಯೊಬ್ಬಳು ತೆಂಗಿನಕಾಯಿ ಗಾತ್ರದ ಬೆಲ್ಲದ ಹೆಂಟೆಯನ್ನು ತಂದು ನನ್ನ ಎಲೆಯ ಪಕ್ಕದಲ್ಲಿಟ್ಟು ಹೋದಳು. ಅಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಇದೇ ಗಂಟಲು ನನ್ನ ಹನ್ನೊಂದು ವರ್ಷದ ನೌಕರಿಯನ್ನೂ ನುಂಗಿತು.

ನಾನು ಗೋಕಾಕದಲ್ಲಿ ಬಾಪುರಾಯರೆಂಬ ವಕೀಲರ ಹತ್ತಿರ ಕಾರಕೂನನಾಗಿದ್ದೆ. ವಕೀಲರ ಕಾರಕೂನನೆಂದರೆ ಅರ್ಧ ವಕೀಲನೆಂದು ಹಳ್ಳಿಯ ಜನ ತಿಳಿದಿರುತ್ತಾರೆ. ಅವರ ತಿಳಿವಳಿಕೆಯನ್ನು ತಿದ್ದಲು ನಾನು ಎಂದೂ ಹೋಗಲಿಲ್ಲ. ರಾಯರು ಬರೆದದ್ದನ್ನು ಚೊಕ್ಕ ಪ್ರತಿ ಮಾಡುವುದು, ಸ್ಟಾಂಪು ಹಚ್ಚುವುದು, ತಾರೀಖು ನೆನಪಿಡುವುದು, ಪಕ್ಷಕಾರರು ಅತ್ತರೆ ನೀರು ಕೊಡುವುದು, ಇವು ನನ್ನ ಕೆಲಸ. ರಾಯರು ಕೆಟ್ಟವರಲ್ಲ. ಎದ್ದು ನಿಂತು ವಾದಿಸತೊಡಗಿದರೆ ಜನ ಬೇರೆ ಕೆಲಸ ಬಿಟ್ಟು ಕೇಳುತ್ತಿದ್ದರು. ಮರೆವು ಮಾತ್ರ ವಿಪರೀತ. ಒಮ್ಮೆ ಒಂದೇ ಹೊಲದ ಜಗಳದಲ್ಲಿ ಬೆಳಗ್ಗೆ ಅಣ್ಣನಿಗೂ ಸಂಜೆ ತಮ್ಮನಿಗೂ ನಿಮ್ಮ ಕಡೆ ನಾನೇ ನಿಲ್ಲುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದರು. ತಮ್ಮನನ್ನು ಇನ್ನೊಬ್ಬ ವಕೀಲರ ಮನೆಗೆ ಸಾಗಹಾಕಿ ಬರುವ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಮರೆಯುವುದು ರಾಯರ ಪಾಲಿನದು, ನೆನಪಿಡುವುದು ನನ್ನ ಪಾಲಿನದು ಎಂದು ಹೀಗೇ ನಡೆದುಕೊಂಡು ಬಂದಿತ್ತು.

ಆ ದಿನ ಮಸಗುಪ್ಪಿಯ ಒಬ್ಬ ರೈತನ ದಾವೆ ಇತ್ತು. ಬಾವಿಯ ನೀರು ಯಾರಿಗೆ ಎಷ್ಟು ದಿನ ಎಂದು ಹಿರಿಯರು ಮಾಡಿಕೊಂಡ ಒಂದು ಹಳೆಯ ಕರಾರುಪತ್ರದ ಮೇಲೆ ಆ ದಾವೆಯೆಲ್ಲ ನಿಂತಿತ್ತು. ನ್ಯಾಯಾಧೀಶರು ಪತ್ರ ಎಲ್ಲಿ ಎಂದು ಕೇಳಿದರು. ರಾಯರು ಎದ್ದು, ಎದುರು ಪಕ್ಷದವರು ಅದನ್ನು ಬೇಕೆಂದೇ ಮುಚ್ಚಿಟ್ಟಿದ್ದಾರೆ, ಬಡವನ ಹೊಟ್ಟೆಯ ಮೇಲೆ ಹೊಡೆಯುವ ಇಂಥವರನ್ನು ಕೋರ್ಟು ಸುಮ್ಮನೆ ಬಿಡಬಾರದು ಎಂದು ಮೇಜು ಗುದ್ದಿ ಹೇಳತೊಡಗಿದರು. ನಾನು ಹಿಂದೆ ದಫ್ತರ ಹಿಡಿದು ನಿಂತಿದ್ದೆ. ಆ ಪತ್ರವನ್ನು ರೈತ ಹದಿನೈದು ದಿನ ಮೊದಲೇ ತಂದು ಕೊಟ್ಟಿದ್ದ. ಮನೆಯಲ್ಲಿ ಓದಿ ನೋಡುತ್ತೇನೆಂದು ರಾಯರೇ ಒಯ್ದಿದ್ದರು. ನಾನು ಮುಂದೆ ಬಾಗಿ, ನನ್ನಿಂದ ಆಗುವಷ್ಟು ಮೆಲ್ಲಗೆ ಅವರ ಕಿವಿಯಲ್ಲಿ ಹೇಳಿದೆ: "ಅದು ನಿಮ್ಮ ಮನಿ ಕಪಾಟಿನ್ಯಾಗ ಐತ್ರಿ, ರಾಯರ."

ಹೊರಗೆ ಬೇವಿನ ಗಿಡದ ಕೆಳಗೆ ಕೂತವರಿಗೂ ಕೇಳಿಸಿತೆಂದು ಆಮೇಲೆ ಕೋರ್ಟಿನ ಪಟ್ಟೇವಾಲ ಹೇಳಿದ. ಎದುರು ಪಕ್ಷದ ವಕೀಲರು ನಗುನಗುತ್ತ ಕುರ್ಚಿಯಲ್ಲಿ ಕುಸಿದರು. ನ್ಯಾಯಾಧೀಶರು ಕರವಸ್ತ್ರ ತೆಗೆದು, ಒರೆಸಲು ಏನೂ ಇಲ್ಲದ ಬಾಯಿಯನ್ನು ಬಹಳ ಹೊತ್ತು ಒರೆಸಿಕೊಂಡರು. ನಗದೆ ಇದ್ದವರು ಮೂವರೇ. ರಾಯರು, ನಾನು, ಮತ್ತು ಮಸಗುಪ್ಪಿಯ ರೈತ. ಅವನಿಗೆ ಪತ್ರ ಸಿಕ್ಕಿತಲ್ಲ ಎಂಬ ಸಮಾಧಾನ. ನನ್ನ ಕಡೆ ತಿರುಗಿ ಕೈ ಬೇರೆ ಮುಗಿದ. ಮುಂದೆ ಅದೇ ಪತ್ರದಿಂದ ಅವನು ದಾವೆ ಗೆದ್ದ. ಆ ಸುದ್ದಿ ಕೇಳಿ ಸಂತೋಷಪಡುವ ಹೊತ್ತಿಗೆ ನಾನು ಮನೆಯಲ್ಲಿ ಕೂತಿದ್ದೆ.

ಅಂದು ಸಂಜೆ ರಾಯರು ದಿನದಂತೆ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ನನ್ನ ಕಡೆ ನೋಡದೆ, "ಚನ್ನಪ್ಪ, ನಾಳೆಯಿಂದ ನೀ ಬರೂದು ಬ್ಯಾಡ" ಎಂದರು. ನಾನು ಅಕ್ಷರ ಹಿಡಿದು ನಡೆಯುವ ಮನುಷ್ಯ. ನಾಡಿದ್ದು ಎರಡು ದಾವೆಗಳ ತಾರೀಖು ಇದೆಯಲ್ಲ, ಆವಾಗ ಬರಬೇಕೋ ಹೇಗೆ ಎಂದು ಕೇಳಿದೆ. ರಾಯರು ಎಂದೂ ಬರಬೇಡವೆಂದು ಬಿಡಿಸಿ ಹೇಳಿದರು. ಆ ತಿಂಗಳು ದುಡಿದ ದಿನಗಳ ಪಗಾರವನ್ನು ಅಲ್ಲೇ ಮೇಜಿನ ಮೇಲಿಟ್ಟು ಒಳಗೆ ಹೋದರು. ನಾನು ಬರೆಯುವ ಟಾಕುಗಳನ್ನು ಒರೆಸಿ, ಶಾಯಿಯ ದೌತಿಯ ಮುಚ್ಚಳ ಬಿಗಿ ಮಾಡಿ, ನಾಡಿದ್ದಿನ ಎರಡು ದಾವೆಗಳ ಕಾಗದವನ್ನು ಮೇಲೆಯೇ ಕಾಣುವಂತೆ ಇಟ್ಟು ಬಂದೆ. ಕೆಲಸದಿಂದ ತೆಗೆಸಿಕೊಂಡವನು ಇಷ್ಟೆಲ್ಲ ಮಾಡುತ್ತಾನೆಯೇ ಎಂದು ನನ್ನ ಹೆಂಡತಿ ಗಂಗವ್ವ ಈಗಲೂ ಕೇಳುತ್ತಾಳೆ. ಅಭ್ಯಾಸ.

ಮೊದಲ ಒಂದು ವಾರ ಗಂಗವ್ವ ನನ್ನನ್ನೇ ಬೈದಳು. ಹೋಗಿ ಕಾಲು ಹಿಡಿ, ಸಿಟ್ಟು ಇಳಿದಿರುತ್ತದೆ, ಮತ್ತೆ ಕರೆಯುತ್ತಾರೆ ಎಂದಳು. ನನಗೂ ಹಾಗೆಯೇ ಅನಿಸಿತ್ತು. ಎರಡು ಸಲ ಹೋದೆ. ಒಮ್ಮೆ ರಾಯರು ಪೂಜೆಯಲ್ಲಿದ್ದರು, ಇನ್ನೊಮ್ಮೆ ಮಲಗಿದ್ದರು. ಆಮೇಲೆ ಒಂದು ದಿನ ಅವಳು ಹಿಟ್ಟಿನ ಗಿರಣಿಯಿಂದ ಬಂದವಳೇ ಡಬ್ಬಿಯನ್ನು ನೆಲಕ್ಕೆ ಕುಕ್ಕಿ ಗೋಡೆಗೆ ಒರಗಿ ಕೂತಳು. ಗಿರಣಿಯಲ್ಲಿ ಪಾಳಿಗೆ ನಿಂತ ಹೆಂಗಸೊಬ್ಬಳು, ನಿನ್ನ ಗಂಡ ಎದುರು ಪಕ್ಷದವರಿಂದ ದುಡ್ಡು ತಿಂದು ರಾಯರ ದಾವೆ ಕೆಡಿಸಿದನಂತೆ ಹೌದೇ ಎಂದು ಕೇಳಿದ್ದಳು. ರಾಯರು ವಕೀಲರ ಕೋಣೆಯಲ್ಲಿ ಸಿಟ್ಟಿನಲ್ಲಿ, ಅವನು ಅವರ ಕಡೆ ಸೇರಿದವನು ಎಂದು ಒಂದು ಮಾತು ಆಡಿದ್ದರಂತೆ. ಆ ಮಾತು ಪೇಟೆಯಲ್ಲೆಲ್ಲ ತಿರುಗಿ ಗಿರಣಿಗೆ ಬರುವಷ್ಟರಲ್ಲಿ ಕೈಕಾಲು ಬೆಳೆಸಿಕೊಂಡಿತ್ತು. ಅದೇ ವಾರ ನಮ್ಮ ದೊಡ್ಡ ಮಗಳನ್ನು ನೋಡಿ ಒಪ್ಪಿ ಹೋಗಿದ್ದ ಅಂಕಲಗಿಯವರು, ಮಾತುಕತೆಯನ್ನು ಸದ್ಯಕ್ಕೆ ಮುಂದೆ ಹಾಕೋಣವೆಂದು ಹೇಳಿ ಕಳಿಸಿದರು. ಯಾಕೆ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಗಂಗವ್ವ ಎದ್ದು ಹಿಟ್ಟಿನ ಡಬ್ಬಿಯನ್ನು ಒಳಗಿಟ್ಟು ಬಂದು, "ಕೆಲಸ ಹೋದ್ರ ಹೋಗ್ಲಿ. ಹೆಸರು ಹ್ಯಾಂಗ ಬಿಡೂದು?" ಎಂದಳು. ಕಾಲು ಹಿಡಿಯುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ನಾನೂ ಅಂದೇ ನಿಶ್ಚಯ ಮಾಡಿದೆ. ರಾಯರ ಕೈಯಿಂದ, ಇವನು ಹನ್ನೊಂದು ವರ್ಷ ಪ್ರಾಮಾಣಿಕನಾಗಿ ಕೆಲಸ ಮಾಡಿದ್ದಾನೆ ಎಂದು ಒಂದು ಚೀಟಿ ಬರೆಸಿಕೊಳ್ಳದೆ ಬಿಡುವುದಿಲ್ಲ. ಹುಟ್ಟಿದಂದಿನಿಂದ ಯಾರ ಮೇಲೂ ಇಷ್ಟು ಹಟ ಹಿಡಿದವನಲ್ಲ. ಹಟವೆಂಬುದು ಹೊಸ ಚಪ್ಪಲಿಯಂತೆ ಮೊದಲೆರಡು ದಿನ ಕಚ್ಚಿತು, ಆಮೇಲೆ ಒಗ್ಗಿತು.

ಗೋಕಾಕದಲ್ಲಿ ಯಾವ ವಕೀಲರೂ ನನಗೆ ಕೆಲಸ ಕೊಡಲಿಲ್ಲ, ಸಲಹೆಯನ್ನೂ ಕೊಡಲಿಲ್ಲ. ದಿನವೂ ಒಟ್ಟಿಗೆ ಚಹಾ ಕುಡಿಯುವ ಬಾಪುರಾಯರ ವಿರುದ್ಧ ಅವರೇಕೆ ನಿಲ್ಲುತ್ತಾರೆ? ಹಾಗಾಗಿ ಹುಕ್ಕೇರಿಗೆ ಹೊರಟೆ. ಮಹಾಯುದ್ಧದ ಕಾಲ, ಪೆಟ್ರೋಲು ಸಿಗದೆ ಮೋಟರುಗಳು ಇದ್ದಲಿಯ ಹೊಗೆಯಿಂದ ಓಡುತ್ತಿದ್ದವು. ಓಡುತ್ತಿದ್ದವು ಎಂದರೆ ಇಳಿಜಾರಿನಲ್ಲಿ ಓಡುತ್ತಿದ್ದವು, ಏರಿನಲ್ಲಿ ನಾವು ಇಳಿದು ದಬ್ಬುತ್ತಿದ್ದೆವು. ಹುಕ್ಕೇರಿ ಮುಟ್ಟುವಾಗ ನನ್ನ ಬಿಳಿ ಅಂಗಿ ನನ್ನ ಬಣ್ಣಕ್ಕೆ ಬಂದಿತ್ತು. ಅಲ್ಲಿ ಅಪ್ಪಾಸಾಹೇಬರೆಂಬ ಹೆಸರುವಾಸಿ ವಕೀಲರು. ನನ್ನನ್ನು ನೋಡಿ ಮೊದಲು ಇದ್ದಲಿ ಮಾರುವವನೆಂದು ತಿಳಿದು, ಬೇಡವೆಂದು ಕೈ ಆಡಿಸಿದರು. ಆಮೇಲೆ ಕೂರಿಸಿಕೊಂಡು ಪೂರ್ತಿ ಕೇಳಿದರು.

ನೌಕರಿಯ ಮಾತನ್ನು ಅವರು ಅಲ್ಲಿಗಲ್ಲಿಗೇ ತಳ್ಳಿಹಾಕಿದರು. ನನ್ನ ಮೇಲಿನ ಮಾತು ಹುಕ್ಕೇರಿಗೂ ನನಗಿಂತ ಮೊದಲೇ ಬಂದು ಮುಟ್ಟಿತ್ತು, ಅದೂ ದಬ್ಬುವ ಕಷ್ಟವಿಲ್ಲದೆ. ಆದರೆ ಕಾಯದೆ ಮಾತ್ರ ಬಿಡಿಸಿ ಹೇಳಿದರು. ಗಿರಣಿ, ಕಾರಖಾನೆಯ ಕೆಲಸಗಾರರಿಗೆ ಸರಕಾರ ಹೊಸ ಕಾಯದೆ ಮಾಡಿದೆ, ತೆಗೆದ ಎರಡು ದಿನದೊಳಗೆ ಬರಬೇಕಾದದ್ದನ್ನೆಲ್ಲ ಕೊಟ್ಟು ಮುಗಿಸಬೇಕು. ವಕೀಲರ ಕಾರಕೂನ ಅದರಲ್ಲಿ ಬರುವುದಿಲ್ಲ ಎಂದರು. ಕಾಯದೆ ಮಾಡುವವರಲ್ಲಿ ಹೆಚ್ಚಿನವರು ವಕೀಲರೇ ಆದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಆದರೂ ತಿಂಗಳ ಪಗಾರದ ಮೇಲಿದ್ದವನನ್ನು ತಪ್ಪಿಲ್ಲದೆ ತೆಗೆಯಬೇಕಾದರೆ ಒಂದು ತಿಂಗಳು ಮೊದಲು ನೋಟೀಸು ಕೊಡಬೇಕು. ಕೊಡದಿದ್ದರೆ ಆ ತಿಂಗಳ ಪಗಾರವನ್ನು ನೌಕರ ದಾವೆ ಹೂಡಿ ಪಡೆಯಬಹುದು. ಮೋಸ ಮಾಡಿದವನಿಗೆ ನೋಟೀಸು ಬೇಕಿಲ್ಲ; ಆದರೆ ಮೋಸವನ್ನು ಧಣಿಯೇ ಕೋರ್ಟಿನಲ್ಲಿ ಸಿದ್ಧ ಮಾಡಿ ತೋರಿಸಬೇಕು.

ಪಗಾರ ಬೇಡ, ಚೀಟಿ ಬೇಕು ಎಂದೆ. ಅಪ್ಪಾಸಾಹೇಬರು ತಲೆಯಲ್ಲಾಡಿಸಿದರು. "ಹಕ್ಕು ಇದ್ದದ್ದು ನಿಮಗ ಬ್ಯಾಡ, ನಿಮಗ ಬೇಕಾದ್ದಕ್ಕ ಹಕ್ಕಿಲ್ಲ. ಒಳ್ಳೆಯವ ಅಂತ ಬರದು ಕೊಡು ಅನ್ನಾಕ ಯಾವ ಕಾಯದೇನೂ ಇಲ್ರಿ."

ಮರಳಿ ಬರುವಾಗ ಏರಿನಲ್ಲಿ ಮೋಟರು ದಬ್ಬುತ್ತ ನಾನು ಇದನ್ನೇ ಯೋಚಿಸಿದೆ. ಒಂದು ತಿಂಗಳ ಪಗಾರ ಕೊಡಬೇಕೆಂದು ಕೋರ್ಟು ಹೇಳಿದರೆ ಅದರ ಅರ್ಥವೇನು? ಇವನು ಮೋಸ ಮಾಡಿಲ್ಲ ಎಂದೇ ಅಲ್ಲವೇ? ಚೀಟಿಯನ್ನು ರಾಯರು ಬರೆಯದಿದ್ದರೆ ನ್ಯಾಯಾಧೀಶರು ಬರೆಯಲಿ. ಈ ವಿಚಾರ ಹೊಳೆದದ್ದೇ ತಡ ನಾನು ಎಷ್ಟು ಜೋರಾಗಿ ದಬ್ಬಿದೆನೆಂದರೆ ಡ್ರೈವರನು ಹಿಂದೆ ತಿರುಗಿ ನೋಡಿದ.

ಮರುದಿನ ರಾಯರಿಗೆ ನೋಟೀಸು ಬರೆದೆ. ಹನ್ನೊಂದು ವರ್ಷ ಊರವರಿಗೆಲ್ಲ ನೋಟೀಸು ಬರೆದ ಕೈ. ಆದರೆ "ನಮ್ಮ ಪಕ್ಷಕಾರರ ಹೇಳಿಕೆಯ ಮೇರೆಗೆ" ಎಂದು ಶುರು ಮಾಡಿ, ಪಕ್ಷಕಾರ ನಾನೇ ಎಂದು ನೆನಪಾಗಿ ಹೊಡೆದು ಹಾಕಿದೆ. ಹೀಗೆ ಮೂರು ಕಾಗದ ಹಾಳಾದವು. ಯುದ್ಧದ ಕಾಲದಲ್ಲಿ ಕಾಗದ ಸಿಗುವುದೇ ಕಷ್ಟ, ಗಂಗವ್ವ ಹಿಂಬದಿಯಲ್ಲಿ ಬರೆಯಲು ಹೇಳಿದಳು. ರಾಯರ ಮನೆ ನಮ್ಮಿಂದ ಎರಡು ಓಣಿ ಆಚೆ. ಆದರೂ ಕಾಯದೆಯಂತೆ ರಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ರಾಯರು ಸಹಿ ಮಾಡಿ ತೆಗೆದುಕೊಂಡರು, ಉತ್ತರ ಬರಲಿಲ್ಲ. ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ರಾಯರ ಉತ್ತರಗಳನ್ನೆಲ್ಲ ನೆನಪು ಮಾಡಿ ಕಳಿಸುತ್ತಿದ್ದವನು ನಾನೇ. ಒಂದು ತಿಂಗಳು ಕಾದು, ದಾವೆಯ ಅರ್ಜಿಯನ್ನು ನಾನೇ ಬರೆದು ಕೋರ್ಟಿಗೆ ಹಾಕಿದೆ. ಶಿರಸ್ತೇದಾರರು ಅದನ್ನು ಓದಿ, ಇಷ್ಟು ಚೊಕ್ಕ ಅರ್ಜಿ ಬಂದು ಬಹಳ ದಿನವಾಯಿತೆಂದರು. ಹೆಸರು ನೋಡಿ ಬೇಗಬೇಗ ಮೊಹರು ಹೊಡೆದರು.

ರಾಯರು ತಮ್ಮ ಜವಾಬನ್ನು, ಅಂದರೆ ಕೈಫಿಯತ್ತನ್ನು, ಹಾಕಿದರು. ಇಲ್ಲಿ ಅವರ ಅಕ್ಷರದ ಬಗ್ಗೆ ಹೇಳಬೇಕು. ಅವರು ಬರೆದದ್ದನ್ನು ಎರಡು ದಿನದ ಮೇಲೆ ಅವರೇ ಓದಲಾರರು. ಒತ್ತು, ಕೊಂಬು, ದೀರ್ಘ ಎಲ್ಲವೂ ಒಂದೇ ಎಳೆತದಲ್ಲಿ ಮುಗಿಯುತ್ತಿದ್ದವು. ನನ್ನ ನಂತರ ಅವರು ಪಿಂಚಣಿಯಾದ ಒಬ್ಬ ಸಾಲಿ ಮಾಸ್ತರರನ್ನು ಕಾರಕೂನನಾಗಿ ಇಟ್ಟುಕೊಂಡಿದ್ದರು. ಮೂವತ್ತು ವರ್ಷ ಮಕ್ಕಳ ಪಾಟಿ ತಿದ್ದಿದ ಆ ಮಾಸ್ತರರು ರಾಯರ ಬರಹ ನೋಡಿ ಮೂರೇ ದಿನಕ್ಕೆ ಕನ್ನಡಕ ಬದಲಿಸಿದರು. ಚೊಕ್ಕ ಪ್ರತಿ ಮಾಡಲು ಅವರಿಂದ ಆಗಲಿಲ್ಲ. ಗಡುವು ಮೀರುತ್ತಿದ್ದುದರಿಂದ ರಾಯರು ತಮ್ಮ ಕೈಬರಹದ ಕಾಗದವನ್ನೇ ಕೋರ್ಟಿಗೆ ಕೊಟ್ಟಿದ್ದರು.

ತಾರೀಖಿನ ದಿನ ಕೋರ್ಟು ತುಂಬಿತ್ತು. ಕಾರಕೂನನು ವಕೀಲನ ಮೇಲೆ ದಾವೆ ಹೂಡಿದ್ದನ್ನು ನೋಡಲು ಬೇರೆ ಕೆಲಸವಿಲ್ಲದವರೂ ಇದ್ದವರೂ ಬಂದಿದ್ದರು. ಹಳೆಯ ನ್ಯಾಯಾಧೀಶರು ವರ್ಗವಾಗಿ ಹೊಸಬರು ಬಂದಿದ್ದರು. ರಾಯರ ಬರಹದ ಪರಿಚಯ ಅವರಿಗಿರಲಿಲ್ಲ. ಅವರು ಕೈಫಿಯತ್ತನ್ನು ನೆಟ್ಟಗೆ ಹಿಡಿದು ನೋಡಿದರು, ಓರೆ ಹಿಡಿದು ನೋಡಿದರು, ಶಿರಸ್ತೇದಾರರಿಗೆ ಕೊಟ್ಟರು. ಅವರು ಇನ್ನೊಬ್ಬರಿಗೆ ಕೊಟ್ಟರು. ಕೊನೆಗೆ ಬರೆದವರೇ ಓದಲಿ ಎಂದು ರಾಯರಿಗೆ ಬಂತು. ರಾಯರು ಹತ್ತಿರ ಹಿಡಿದು ನೋಡಿ, ದೂರ ಹಿಡಿದು ನೋಡಿ, ಬೆವರು ಒರೆಸಿಕೊಂಡು, "ಇದನ್ನ ಓದಾಂವ ಊರಾಗ ಒಬ್ಬನ ಇದ್ದಾನ, ಸಾಹೇಬರ" ಎಂದು ನನ್ನ ಕಡೆ ಕೈ ತೋರಿಸಿದರು. ಜನ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ವಾದಿಯೇ ಓದಬಹುದೆಂದು ಅಪ್ಪಣೆ ಕೊಟ್ಟರು.

ಹೀಗೆ ನನ್ನ ಮೇಲೆ ಬರೆದ ದೂರನ್ನು ನಾನೇ ನಿಂತು ಓದಬೇಕಾಯಿತು. ನಾಲ್ಕೈದು ತಿಂಗಳ ಮೇಲೆ ಆ ಅಕ್ಷರ ನೋಡಿದಾಗ, ಸುಳ್ಳೇಕೆ ಹೇಳಲಿ, ಮೊದಲು ಸಂತೋಷವೇ ಆಯಿತು. ಸರಸರನೆ ಓದುತ್ತ ಹೋದೆ. ವಾದಿಯು ಕೋರ್ಟಿನಲ್ಲಿ ಧಣಿಯ ಮಾನ ಕಳೆದನು ಎಂದಿತ್ತು, ಓದಿದೆ. ವಾದಿಗೆ ಬಾಯಿಯ ಮೇಲೆ ಹಿಡಿತವಿಲ್ಲ ಎಂದಿತ್ತು. ಅದನ್ನೂ ಓದಿದೆ, ಅದರಲ್ಲಿ ತಕರಾರು ಮಾಡುವಂಥದ್ದೇನೂ ಇರಲಿಲ್ಲ. ಕೊನೆಯ ಸಾಲಿಗೆ ಬಂದೆ. "ವಾದಿಯು ಹನ್ನೊಂದು ವರ್ಷ ನನ್ನ ಹತ್ತಿರ ಇದ್ದ", ಆಮೇಲೆ ಒಂದು ಸಣ್ಣ ಶಾಯಿಯ ಬೊಟ್ಟು, ಆಮೇಲೆ "ಪ್ರಾಮಾಣಿಕ ನೌಕರನು".

ನಾನು ನಿಂತುಬಿಟ್ಟೆ. ಬೇರೆ ಯಾರಿಗಾದರೂ ಅದು ಬೊಟ್ಟು. ರಾಯರು "ಅ" ಬರೆಯುವುದು ಹಾಗೆಯೇ ಎಂದು ನನಗೆ ಗೊತ್ತು. ಅವರು ಬರೆದದ್ದು "ಅಪ್ರಾಮಾಣಿಕ". ಆ ಒಂದು ಬೊಟ್ಟನ್ನು ಬಿಟ್ಟು ಓದಿದರೆ ಸಾಕು, ನಾನು ಕೇಳಿದ ಚೀಟಿ ರಾಯರ ಕೈಬರಹದಲ್ಲಿ, ಕೋರ್ಟಿನ ಮುಂದೆ, ನನ್ನ ಕೈಯಲ್ಲಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಬಾಗಿಲ ಹತ್ತಿರ ಗಂಗವ್ವ ಸೆರಗು ಹಿಡಿದು ನಿಂತಿದ್ದಳು. ಅಂಕಲಗಿಯವರ ನೆನಪೂ ಬಂತು. ನನ್ನದು ದೊಡ್ಡ ಮನಸ್ಸು ಎಂದು ಹೇಳಿಕೊಳ್ಳಲಾರೆ. ಆ ಬೊಟ್ಟನ್ನು ನುಂಗಿದರೆ ಅಲ್ಲಿ ಬರೆದ ಮಾತು ನಿಜವೇ ಆಗುತ್ತದಲ್ಲ ಎಂಬ ಸಿಟ್ಟು ಬಂತು, ಅಷ್ಟೇ. "ಅಪ್ರಾಮಾಣಿಕ ನೌಕರನು" ಎಂದು ನನ್ನ ಪೂರ್ತಿ ಗಂಟಲಿನಲ್ಲಿ ಓದಿದೆ.

ನ್ಯಾಯಾಧೀಶರು ಕಾಗದ ತರಿಸಿಕೊಂಡು ನೋಡಿದರು. "ಇಲ್ಲಿ ಅ ಎಲ್ಲಿ ಅದ?"

"ಆ ಬೊಟ್ಟನ ಅ ರೀ, ಸಾಹೇಬರ. ಅವರ ಅ ಹಂಗ ಇರ್ತೈತಿ."

ನ್ಯಾಯಾಧೀಶರು ನನ್ನನ್ನು ಒಮ್ಮೆ ನೋಡಿ, ಕಾಗದವನ್ನು ರಾಯರಿಗೆ ಕೊಟ್ಟು, ಇದು ಅಕ್ಷರವೋ ಹೇಗೆ, ಅಕ್ಷರವಾದರೆ ಇವನು ಅಪ್ರಾಮಾಣಿಕನೆಂಬುದಕ್ಕೆ ಸಾಕ್ಷಿ ಏನು ಎಂದು ಕೇಳಿದರು. ರಾಯರು ಈ ಸಲ ಕಾಗದವನ್ನು ಹತ್ತಿರವೂ ಹಿಡಿಯಲಿಲ್ಲ, ದೂರವೂ ಹಿಡಿಯಲಿಲ್ಲ. ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿದರು. 

"ಅದು ಅಕ್ಷರ ಅಲ್ಲ, ಸಾಹೇಬರ" ಎಂದರು. "ಶಾಯಿ ಬಿದ್ದದ."

ಅಲ್ಲಿಗೆ ದಾವೆಯಲ್ಲಿ ಉಳಿದದ್ದೇನೂ ಇರಲಿಲ್ಲ. ಪ್ರತಿವಾದಿಯೇ ವಾದಿಯನ್ನು ಪ್ರಾಮಾಣಿಕನೆಂದು ಒಪ್ಪಿಕೊಂಡಿರುವಾಗ ನೋಟೀಸು ಕೊಡದೆ ತೆಗೆದದ್ದು ತಪ್ಪೆಂದು ಬರೆದು, ಒಂದು ತಿಂಗಳ ಪಗಾರವನ್ನೂ ದಾವೆಯ ಖರ್ಚನ್ನೂ ಕೊಡಬೇಕೆಂದು ನ್ಯಾಯಾಧೀಶರು ತೀರ್ಪು ಕೊಟ್ಟರು. ಹೊರಗೆ ಪಡಸಾಲೆಯಲ್ಲಿ ರಾಯರು ಎದುರಾದರು. ನಾನು ನಮಸ್ಕಾರ ಮಾಡಿದೆ. ಅವರು ಮುಂದೆ ಹೋದವರು ನಿಂತು, ತಮ್ಮ ಅ ಹನ್ನೊಂದು ವರ್ಷವೂ ಹಾಗೆಯೇ ಇತ್ತೇ ಎಂದು ಕೇಳಿದರು. ಹೌದು ಎಂದೆ. ಒಂದು ಸಲವಾದರೂ ಹೇಳಬಾರದಿತ್ತೇ ಎಂದರು. ಹೇಳಿದ್ದರೆ ಅಂದೇ ನನ್ನನ್ನು ಕೆಲಸದಿಂದ ತೆಗೆಯುತ್ತಿದ್ದಿರಿ ಎಂದೆ. ರಾಯರ ಮೀಸೆಯಲ್ಲಿ ಏನೋ ಅಲುಗಾಡಿದಂತಾಯಿತು. ಮತ್ತೆ ಬಾ ಎಂದು ಅವರು ಕರೆಯಲಿಲ್ಲ, ನಾನೂ ಬರುತ್ತೇನೆ ಎನ್ನಲಿಲ್ಲ. ಇಬ್ಬರಿಗೂ ಆ ಒಂದು ಮಾತು ಬಾಯಿಗೆ ಬಂದು ನಿಂತಿತ್ತೆಂದು ಗಂಗವ್ವ ಹೇಳುತ್ತಾಳೆ.

ಆ ಕೈಫಿಯತ್ತಿನ ನಕಲಿಗೆ ಅರ್ಜಿ ಹಾಕಿ, ಕೋರ್ಟಿನ ಮೊಹರು ಹೊಡೆಸಿ, ಮನೆಗೆ ತಂದೆ. ಗಂಗವ್ವ ಅದನ್ನು ಮಡಚಿ ಕೈಯಲ್ಲಿ ಹಿಡಿದು, ಬೀಸಿಸುವುದು ಏನೂ ಇಲ್ಲದಿದ್ದರೂ ಗಿರಣಿಗೆ ಹೋಗಿ ಬಂದಳು. ಅಂಕಲಗಿಯವರು ಮುಂದೆ ಹಾಕಿದ್ದ ಮಾತುಕತೆಯನ್ನು ಹಿಂದಕ್ಕೆ ತಂದರು. ಮಗಳು ಅದೇ ಬೇಸಿಗೆಯಲ್ಲಿ ಆ ಮನೆ ಸೇರಿದಳು. ನಾನು ನಕಲನ್ನು ತೆಗೆದುಕೊಂಡು ಹುಕ್ಕೇರಿಗೆ ಹೋದೆ. ಅಪ್ಪಾಸಾಹೇಬರು ಅದನ್ನು ಎರಡು ಸಲ ಓದಿ, ಬೊಟ್ಟಿನ ಕತೆ ಕೇಳಿ, ನಾಳೆಯಿಂದಲೇ ಬನ್ನಿ ಎಂದರು. ಆದರೆ ಅವರು ಹುಷಾರಿ ಮನುಷ್ಯರು. ನೌಕರಿಯ ಕರಾರನ್ನು ಅಲ್ಲೇ ಗೀಚಿ, ಚೊಕ್ಕ ಪ್ರತಿ ಮಾಡಲು ನನಗೇ ಕೊಟ್ಟರು. ಬಹಳ ದಿನದ ಮೇಲೆ ಕೈಗೆ ಒಳ್ಳೆಯ ಟಾಕು ಬಂದಿತ್ತು. ಒಂದೊಂದು ಅಕ್ಷರವನ್ನೂ ಮುತ್ತಿನಂತೆ ಪೋಣಿಸಿ ಬರೆದು, ಕೆಳಗೆ ಸಹಿ ಮಾಡಿ, ಒಂದು ಪ್ರತಿಯನ್ನು ಮನೆಗೆ ತಂದು ಗಂಗವ್ವನ ಮುಂದೆ ಹಿಡಿದೆ. ಅವಳಿಗೆ ಓದು ಬಾರದು. ಓದಿ ಹೇಳು ಎಂದಳು. ಜೋರಾಗಿ ಓದುತ್ತ ಓದುತ್ತ ಮೂರನೆಯ ಸಾಲಿಗೆ ಬಂದು ನನ್ನ ದನಿ ತಾನಾಗಿ ನಿಂತಿತು. ಧಣಿಯು ಯಾವ ನೋಟೀಸನ್ನೂ ಕೊಡದೆ ಯಾವಾಗ ಬೇಕಾದರೂ ನೌಕರನನ್ನು ತೆಗೆಯಬಹುದು, ಇದಕ್ಕೆ ನೌಕರನ ಸಂಪೂರ್ಣ ಒಪ್ಪಿಗೆ ಇದೆ ಎಂದು ನನ್ನ ದುಂಡು ಅಕ್ಷರದಲ್ಲಿ ಬರೆದಿತ್ತು.

ಗಂಗವ್ವ ಬೆಳಗ್ಗೆ ರೊಟ್ಟಿ ಕಟ್ಟಿಕೊಟ್ಟು, ಆ ಸಾಲನ್ನು ಹೊಡೆದು ಹಾಕಿಸಿಯೇ ಬರಬೇಕೆಂದು ಹೇಳಿ ಕಳಿಸಿದಳು. ನಾನೂ ಹಾಗೆಂದು ನಿಶ್ಚಯ ಮಾಡಿಯೇ ಮೋಟರು ಹತ್ತಿದ್ದೆ. ಆ ಸಾಲು ಇರುವವರೆಗೆ ಟಾಕು ಮುಟ್ಟುವುದಿಲ್ಲವೆಂದು ಅಪ್ಪಾಸಾಹೇಬರ ಮುಂದೆ ಕಾಗದವನ್ನಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಒಂದು ತಿಂಗಳ ನೋಟೀಸಿಗಾಗಿ ಸ್ವಂತ ಧಣಿಯ ಮೇಲೆ ದಾವೆ ಹೂಡಿದ ಮನುಷ್ಯ, ನಿನ್ನೆ ಇದನ್ನು ಕೈಯಾರೆ ಬರೆದು ಸಹಿ ಮಾಡುವಾಗ ಏನು ಮಾಡುತ್ತಿದ್ದನೆಂದು ಕೇಳಿದರು.

"ಬರದದ್ದು ಖರೆ ಐತ್ರಿ, ಸಾಹೇಬರ" ಎಂದೆ. "ಓದಿದ್ದಿಲ್ರಿ."